ನಜೀರ್ ಸಾಬರಂಥವರು ಈಗ ಯಾಕೆ ಬರುವುದಿಲ್ಲ?

ಪಂಚಾಯಿತಿ, ಚುನಾವಣೆ, ವಿಧಾನಸಭೆ ಎಂದು ಮಾತು ಎಲ್ಲಿಂದ ಶುರುವಾದರೂ ಕೊನೆಗೆ ಈ ಪ್ರಶ್ನೆಗೇ ಬಂದು ನಿಲ್ಲುತ್ತದೆ: ‘ಅಬ್ದುಲ್ ನಜೀರ್ ಸಾಬರಂಥ ಮಂತ್ರಿ ಈಗ ಯಾಕೆ ಬರುವುದಿಲ್ಲ? ರಾಜಕೀಯದಲ್ಲಿ ಸಭ್ಯತೆ ಅನ್ನುವುದು ಎಲ್ಲಿಗೆ ಹೋಯಿತು?’ ಕೇಳುವವರಲ್ಲಿ ಎಪ್ಪತ್ತು ದಾಟಿದವರಿದ್ದಾರೆ. ಆ ಹೆಸರನ್ನು ಮೈಸೂರಿನ ಗ್ರಾಮೀಣಾಭಿವೃದ್ಧಿ ಸಂಸ್ಥೆಯ ಬೋರ್ಡಿನ ಮೇಲೆ ಮಾತ್ರ ಓದಿದ ಹುಡುಗ ಹುಡುಗಿಯರೂ ಇದ್ದಾರೆ.

‘ಕಾಲ ಕೆಟ್ಟಿತು, ಜನ ಕೆಟ್ಟರು’ ಎಂಬ ಸಿದ್ಧ ಉತ್ತರದಲ್ಲಿ ನನಗೆ ನಂಬಿಕೆಯಿಲ್ಲ. ಆ ಕಾಲದ ಜನರೂ ನಮ್ಮಂಥವರೇ. ಬದಲಾದದ್ದು ರಾಜಕಾರಣಿಯ ಕೈಯಲ್ಲಿರುವ ಅಧಿಕಾರ ಎಂಥದ್ದು, ಅದನ್ನು ಅವನು ಯಾರಿಗೆ ಬಿಟ್ಟುಕೊಡುತ್ತಾನೆ ಎಂಬುದು. ಸಭ್ಯತೆ ಎಂದರೆ ಮೆದು ಮಾತು ಎಂದುಕೊಂಡರೆ ನಜೀರ್ ಸಾಬರು ಮಾಡಿದ ಕೆಲಸ ಅರ್ಥವಾಗುವುದೇ ಇಲ್ಲ.

ಗುಂಡ್ಲುಪೇಟೆಯ ಈ ಮನುಷ್ಯ 1983ರಲ್ಲಿ ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಮಂತ್ರಿಯಾದರು. 1988ರ ಅಕ್ಟೋಬರಿನಲ್ಲಿ ತೀರಿಕೊಂಡರು. ಹೆಚ್ಚೆಂದರೆ ಆರು ವರ್ಷದ ಲೆಕ್ಕ. ಅಷ್ಟರಲ್ಲಿ ಹಳ್ಳಿಯ ಜನ ಅವರಿಗೆ ‘ನೀರ್ ಸಾಬ್’ ಎಂದು ಹೆಸರಿಟ್ಟರು. ಹಿಂದೆ ಜಾತಿಯ ದೊಡ್ಡ ಬಲವಿಲ್ಲದ, ಅಲ್ಪಸಂಖ್ಯಾತ ಸಮುದಾಯದ ಒಬ್ಬ ಮಂತ್ರಿಗೆ ಸಿಕ್ಕ ಈ ಹೆಸರು ಯಾವ ಬಿರುದಿಗಿಂತಲೂ ದೊಡ್ಡದು ಎಂದು ನಾನು ತಿಳಿದಿದ್ದೇನೆ.

ಆ ಹೆಸರು ಬಂದದ್ದು ಬೋರಿಂಗಿನಿಂದ. ಮೇಲಿಂದ ಮೇಲೆ ಬರ ಬಿದ್ದ ಆ ವರ್ಷಗಳಲ್ಲಿ ಕೊಳವೆಬಾವಿ ಕೊರೆಸಿ ಕೈಪಂಪು ಕೂರಿಸುವುದೇ ಕುಡಿಯುವ ನೀರಿಗೆ ಇದ್ದ ಹತ್ತಿರದ ದಾರಿ. ಅದಕ್ಕೊಂದು ಲೆಕ್ಕವಿತ್ತು: ತಲೆಗೆ ದಿನಕ್ಕೆ 40 ಲೀಟರ್ ನೀರು, 250 ಜನಕ್ಕೆ ಒಂದು ಕೈಪಂಪು. ಕೂಡಿಸಿ ನೋಡಿದರೆ ದಿನಕ್ಕೆ 10,000 ಲೀಟರ್. ಇಂಡಿಯಾ ಮಾರ್ಕ್-2 ಎಂಬ ಕೈಪಂಪನ್ನು ಬಿಡದೆ ಹೊಡೆದರೆ ನಿಮಿಷಕ್ಕೆ ಹನ್ನೆರಡು ಲೀಟರಿನಷ್ಟು ಬರುತ್ತದೆ. ಅಂದರೆ ಹತ್ತಿರ ಹತ್ತಿರ ಹದಿನಾಲ್ಕು ತಾಸು ಯಾರಾದರೂ ಒಬ್ಬರು ಹಿಡಿಕೆ ಹಿಡಿದಿರಲೇಬೇಕು. ಇಷ್ಟು ದುಡಿಯುವ ಯಂತ್ರ ಕೆಡದೆ ಇರುತ್ತದೆಯೇ?

ಕೆಡುವುದು ಹೀಗೆ. ಮೇಲಿನ ಪೆಟ್ಟಿಗೆಯಲ್ಲಿ ಹಿಡಿಕೆಗೂ ರಾಡಿಗೂ ನಡುವೆ ಒಂದು ಚೈನಿರುತ್ತದೆ. ಅದಕ್ಕೆ ಗ್ರೀಸು ಹಚ್ಚದಿದ್ದರೆ ತುಕ್ಕು ಹಿಡಿದು ಸವೆಯುತ್ತದೆ. ಕೆಳಗೆ ನೀರಿನೊಳಗಿರುವ ಸಿಲಿಂಡರಿನಲ್ಲಿ ಬಟ್ಟಲಿನಾಕಾರದ ವಾಷರುಗಳಿರುತ್ತವೆ. ನೀರಿನಲ್ಲಿ ಮರಳಿದ್ದರೆ ಅವು ಬೇಗ ತೇಯುತ್ತವೆ. ಆಗ ಎಷ್ಟು ಹೊಡೆದರೂ ನೀರು ಮೇಲಕ್ಕೆ ಹತ್ತುವುದಿಲ್ಲ. ಮಾರ್ಕ್-2ರಲ್ಲಿ ಅಂಗೈಯಗಲದ ಆ ವಾಷರು ಬದಲಿಸಬೇಕಾದರೂ ಮೂರು ಮೂರು ಮೀಟರಿನ ಕಬ್ಬಿಣದ ಪೈಪುಗಳನ್ನು ಒಂದೊಂದಾಗಿ ಬಿಚ್ಚುತ್ತ ಇಡೀ ಸಾಲನ್ನೇ ಮೇಲೆತ್ತಬೇಕು. ಊರಿನ ಒಬ್ಬಿಬ್ಬರ ಕೈಲಾಗುವ ಕೆಲಸವಲ್ಲ ಅದು. ಸಲಕರಣೆಯ ಸಮೇತ ವಾಹನ ಬರಬೇಕು, ಮೆಕ್ಯಾನಿಕ್ ಬರಬೇಕು. ಇನ್ನು ಪಂಪಿನ ಸುತ್ತಲಿನ ಕಟ್ಟೆ ಬಿರಿದು, ಚೆಲ್ಲಿದ ನೀರು ಅಲ್ಲೇ ನಿಂತರೆ, ಆ ಕೊಳಕು ನೀರೇ ಇಂಗಿ ಬಾವಿಗಿಳಿಯುತ್ತದೆ.

ರಾಜಕೀಯದ ಲೇಖನದಲ್ಲಿ ವಾಷರಿನ ಮಾತೇಕೆ ಎನ್ನಬೇಡಿ. ಪಂಪು ಕೂರಿಸುವ ದಿನ ಪೂಜೆಯಿದೆ, ಹಾರವಿದೆ, ಫೋಟೋ ಇದೆ. ವಾಷರ್ ಬದಲಿಸುವ ದಿನ ಯಾವುದೂ ಇಲ್ಲ. ರಾಜಧಾನಿಯಲ್ಲಿ ಕೂತ ಮಂತ್ರಿ ಹೊಸ ಪಂಪು ಎಷ್ಟಾದರೂ ಮಂಜೂರು ಮಾಡಬಹುದು, ಕೆಟ್ಟದ್ದನ್ನು ವಾರದೊಳಗೆ ಸರಿಮಾಡಿಸಲು ಅವನಿಂದ ಆಗದು. ಅದಕ್ಕೆ ಹಳ್ಳಿಯ ಮಗ್ಗುಲಲ್ಲೇ ಅಧಿಕಾರ ಇರಬೇಕು, ದುಡ್ಡು ಇರಬೇಕು, ಎಂಜಿನಿಯರನನ್ನು ಕರೆದು ಕೇಳುವ ಹಕ್ಕು ಇರಬೇಕು. ನಜೀರ್ ಸಾಬರ ಹೆಸರಿನೊಂದಿಗೆ ನೀರೂ ಪಂಚಾಯಿತಿಯೂ ಜೊತೆಜೊತೆಗೇ ನೆನಪಾಗುವುದು ಸುಮ್ಮನೆ ಅಲ್ಲ.

1983ರ ಪಂಚಾಯಿತಿ ಕಾಯ್ದೆ ಅವರ ಕೆಲಸ. ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 1985ರಲ್ಲಿ, ಚುನಾವಣೆ ನಡೆದದ್ದು 1987ರ ಜನವರಿಯಲ್ಲಿ. ಜಿಲ್ಲೆಗೊಂದು ಜಿಲ್ಲಾ ಪರಿಷತ್ತು, ಒಂದಷ್ಟು ಹಳ್ಳಿ ಸೇರಿ ಒಂದು ಮಂಡಲ ಪಂಚಾಯಿತಿ. ಮಹಿಳೆಯರಿಗೆ ಶೇ 25ರಷ್ಟು ಮೀಸಲಾತಿ. ಇಡೀ ದೇಶಕ್ಕೆ ಮೂರನೇ ಒಂದು ಭಾಗದ ಮೀಸಲಾತಿ ತಂದ ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರ ಏಪ್ರಿಲಿನಲ್ಲಿ. ಮಂಡಲ ಪಂಚಾಯಿತಿಯ ಕುರ್ಚಿಯಲ್ಲಿ ನಮ್ಮ ಹೆಂಗಸರು ಕೂತು ಅಷ್ಟರಲ್ಲಿ ಆರು ವರ್ಷವಾಗಿತ್ತು.

ಆ ಕಾಯ್ದೆಯ ನಿಜವಾದ ತಿರುಳು ಬೇರೆ ಕಡೆ ಇದೆ. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ ಸಿಕ್ಕಿತು. ಪರಿಷತ್ತಿನ ಮುಖ್ಯ ಕಾರ್ಯದರ್ಶಿ ಜಿಲ್ಲಾಧಿಕಾರಿಗಿಂತ ಹಿರಿಯ ಐಎಎಸ್ ಅಧಿಕಾರಿಯಾಗಿರುತ್ತಿದ್ದರು. ಸರ್ಕಾರಿ ಕಚೇರಿಯ ಒಳಹೊರಗು ಬಲ್ಲವರಿಗೆ ಇದರ ತೂಕ ಗೊತ್ತು. ಬ್ರಿಟಿಷರ ಕಾಲದಿಂದ ಜಿಲ್ಲೆಯ ದೊರೆಯಾಗಿದ್ದವರು ಚುನಾಯಿತ ಸಂಸ್ಥೆಯ ಅಧಿಕಾರಿಗಿಂತ ಒಂದು ಮೆಟ್ಟಿಲು ಕೆಳಗೆ ನಿಂತರು. ಶಾಲೆ, ಪ್ರಾಥಮಿಕ ಆರೋಗ್ಯ ಕೇಂದ್ರ, ಕುಡಿಯುವ ನೀರು, ಹಳ್ಳಿ ರಸ್ತೆ ಎಲ್ಲವೂ ಸಿಬ್ಬಂದಿಯ ಸಮೇತ ಜಿಲ್ಲಾ ಪರಿಷತ್ತಿನ ಕೆಳಗೆ ಬಂದವು. ಈ ವ್ಯವಸ್ಥೆ ಹೇಗೆ ನಡೆಯುತ್ತಿದೆ ಎಂದು ನೋಡಲು ನೇಮಿಸಿದ್ದ ಕೆ.ಎಸ್. ಕೃಷ್ಣಸ್ವಾಮಿ ಸಮಿತಿ 1989ರಲ್ಲಿ ವರದಿ ಕೊಟ್ಟಾಗ, ಶಾಲೆ ಆಸ್ಪತ್ರೆಗಳಲ್ಲಿ ಹಾಜರಾತಿ ಸುಧಾರಿಸಿದ್ದನ್ನು ಗುರುತಿಸಿತು. ಮೇಷ್ಟ್ರು ಬಂದರೋ ಇಲ್ಲವೋ ಎಂದು ನೋಡುವ ಅಧಿಕಾರ ಅದೇ ಊರಿನ ದಾರಿಯಲ್ಲಿ ಓಡಾಡುವವರ ಕೈಗೆ ಬಂದರೆ ಆಗುವುದೇ ಹೀಗೆ.

ಈಗ ಯೋಚಿಸಿ. ಈ ಅಧಿಕಾರವೆಲ್ಲ ಮೊದಲು ಯಾರ ಬಳಿ ಇತ್ತು? ಮಂತ್ರಿಯ ಬಳಿ ಇತ್ತು, ಶಾಸಕರ ಬಳಿ ಇತ್ತು. ತನ್ನ ಸಹಿಗಿದ್ದ ಬೆಲೆಯನ್ನು ತಾನೇ ಕಾನೂನು ಮಾಡಿ ಇಳಿಸಿಕೊಂಡ ಮಂತ್ರಿ ಅವರು. ಶಾಸಕರಿಗೆ ಇದು ಹಿಡಿಸಲಿಲ್ಲ. ಆಳುವ ಪಕ್ಷದವರಿಗೂ ಹಿಡಿಸಲಿಲ್ಲ. ಕೆಲವು ಜಿಲ್ಲಾ ಪರಿಷತ್ತುಗಳು ವಿರೋಧ ಪಕ್ಷದ ಕೈಗೆ ಹೋದವು, ಅಧಿಕಾರ ಅಲ್ಲಿಯೂ ಹೋಯಿತು. ನಾನು ಸಭ್ಯತೆ ಎನ್ನುವುದು ಇದನ್ನೇ: ಎದುರಾಳಿಯ ಕೈಗೆ ಹೋಗುತ್ತದೆ ಎಂದು ಗೊತ್ತಿದ್ದೂ ಅಧಿಕಾರವನ್ನು ಹಂಚುವುದು.

ಆ ಕಾಲವೆಲ್ಲ ಚಿನ್ನವಾಗಿತ್ತು ಎಂದು ಯಾರೂ ತಿಳಿಯಬಾರದು. ಅದೇ ಸರ್ಕಾರದ ಮೇಲೆ ಸಾರಾಯಿ ಬಾಟಲಿಂಗ್ ಗುತ್ತಿಗೆಯ ಕಳಂಕವಿತ್ತು, ದೂರವಾಣಿ ಕದ್ದಾಲಿಕೆಯ ಆರೋಪವಿತ್ತು. ಆದರೆ ಲಜ್ಜೆಯೂ ಇತ್ತು. 1984ರ ಲೋಕಸಭಾ ಚುನಾವಣೆಯಲ್ಲಿ ಜನತಾ ಪಕ್ಷಕ್ಕೆ 28ರಲ್ಲಿ ನಾಲ್ಕೇ ಸ್ಥಾನ ಬಂದಾಗ, ರಾಜ್ಯ ಸರ್ಕಾರಕ್ಕೆ ಅದರಿಂದ ಏನೂ ಆಗದಿದ್ದರೂ ಹೆಗಡೆ ರಾಜೀನಾಮೆ ಕೊಟ್ಟು ಹೊಸ ಚುನಾವಣೆಗೆ ಹೋದರು. 1985ರಲ್ಲಿ 139 ಸ್ಥಾನ ಗೆದ್ದು ಬಂದರು. ಸಾರಾಯಿ ಪ್ರಕರಣದಲ್ಲಿ ಹೈಕೋರ್ಟಿನ ಟೀಕೆಗೆ ಗುರಿಯಾಗಿ 1986ರಲ್ಲಿ ರಾಜೀನಾಮೆ ಕೊಟ್ಟರು, ಆಮೇಲೆ ಹಿಂದಕ್ಕೆ ಪಡೆದರು. ಕದ್ದಾಲಿಕೆಯ ಪ್ರಕರಣದಲ್ಲಿ 1988ರಲ್ಲಿ ಕುರ್ಚಿ ಬಿಟ್ಟೇ ಬಿಟ್ಟರು. ಲೆಕ್ಕಾಚಾರವೂ ಇದ್ದಿರಬಹುದು. ಇರಲಿ, ಆರೋಪ ಬಂದಾಗ ಉತ್ತರ ಕೊಡಬೇಕಾದವನು ತಾನು ಎಂಬ ಅಂಜಿಕೆ ಅಲ್ಲಿ ಕಾಣುತ್ತದೆ.

ಇಳಿಜಾರು ಎಲ್ಲಿಂದ ಶುರುವಾಯಿತು? 1987ರಲ್ಲಿ ಆಯ್ಕೆಯಾದವರ ಅವಧಿ 1992ರಲ್ಲಿ ಮುಗಿದಾಗ ಚುನಾವಣೆ ನಡೆಸದೆ ಆಡಳಿತಾಧಿಕಾರಿಗಳನ್ನು ಕೂರಿಸಿದರು. ಇನ್ನು ಮುಂದೆ ಹೀಗೆ ಆಗದಿರಲಿ ಎಂದೇ ಸಂವಿಧಾನದಲ್ಲಿ 243-ಇ ವಿಧಿ ಬಂತು: ಅವಧಿ ಐದು ವರ್ಷ, ಅದು ಮುಗಿಯುವ ಮೊದಲೇ ಚುನಾವಣೆ. ಇಷ್ಟಿದ್ದೂ, 2016ರಲ್ಲಿ ಆಯ್ಕೆಯಾದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲ. ಕ್ಷೇತ್ರ ವಿಂಗಡಣೆಯ ಕೆಲಸವನ್ನು ರಾಜ್ಯ ಚುನಾವಣಾ ಆಯೋಗದಿಂದ ಕಿತ್ತು ಬೇರೆ ಆಯೋಗಕ್ಕೆ ಕೊಟ್ಟದ್ದು ಒಂದು ಕಾರಣ, ಮೀಸಲಾತಿ ಪಟ್ಟಿಯ ಗೊಂದಲ ಇನ್ನೊಂದು. ಸರ್ಕಾರ ಬದಲಾದರೂ ಕಥೆ ಬದಲಾಗಲಿಲ್ಲ. ನಜೀರ್ ಸಾಬರ ಜಯಂತಿಗೆ ಹೂವು ಹಾಕಲು ಎಲ್ಲ ಪಕ್ಷದವರೂ ಬರುತ್ತಾರೆ. ಅವರು ಕಟ್ಟಿದ ಮನೆಗೆ ಬೀಗ ಹಾಕಿಟ್ಟವರೂ ಎಲ್ಲ ಪಕ್ಷದವರೇ. ಇದನ್ನು ಬರೆಯುವಾಗ ನೋವಾಗುತ್ತದೆ.

ಇನ್ನೊಂದು ಕಡೆಯಿಂದ ಶಾಸಕರ ಕೆಲಸವೇ ಬೇರೆಯಾಯಿತು. ಕ್ಷೇತ್ರದ ಕೆಲಸಗಳಿಗೆಂದು ಕೊಡುವ ಸಂಸದರ ನಿಧಿ 1993ರ ಡಿಸೆಂಬರಿನಲ್ಲಿ ಶುರುವಾಗಿ ಈಗ ವರ್ಷಕ್ಕೆ ಐದು ಕೋಟಿ ರೂಪಾಯಿಗೆ ಬಂದಿದೆ. ಶಾಸಕರಿಗೆ ಎರಡು ಕೋಟಿ. ಮನೆ ಹಂಚುವ ಆಶ್ರಯ ಸಮಿತಿಗೂ ಅವರೇ ಅಧ್ಯಕ್ಷರು. ಹೀಗೆ ಕಾನೂನು ಮಾಡಬೇಕಾದವರು ಸಮುದಾಯ ಭವನ, ಹೈಮಾಸ್ಟ್ ದೀಪ, ಬಸ್ ತಂಗುದಾಣದ ಯಜಮಾನರಾದರು. ತಂಗುದಾಣದ ಮೇಲೆ ಹೆಸರು ಬರೆಸುವುದರಲ್ಲಿ ಸುಖ ಕಂಡವರಿಗೆ ವಿಧೇಯಕದ ಕಲಂ ಓದುವ ತಾಳ್ಮೆ ಎಲ್ಲಿಂದ ಬರಬೇಕು? ವರ್ಷಕ್ಕೆ 60 ದಿನ ಸದನ ಸೇರಬೇಕೆಂದು 2005ರಲ್ಲಿ ನಮ್ಮ ರಾಜ್ಯವೇ ಕಾನೂನು ಮಾಡಿಕೊಂಡಿದೆ. ಅಷ್ಟು ದಿನ ಸೇರದ ವರ್ಷಗಳೇ ಜಾಸ್ತಿ.

ಸೇರಿದ ದಿನಗಳಲ್ಲಿ ಮಾತು ಯಾಕೆ ಹೊಲಸಾಗುತ್ತದೆ ಎಂಬುದಕ್ಕೆ ಒಂದು ಸಣ್ಣ ಕಾರಣ ಕಣ್ಣೆದುರೇ ಇದೆ. ಹಿಂದೆ ಸಭಾಧ್ಯಕ್ಷರು ‘ಕಡತದಿಂದ ತೆಗೆಯಿರಿ’ ಎಂದರೆ ಆ ಮಾತು ಸತ್ತಂತೆ. ವರದಿಗಾರರೂ ಬರೆಯುವಂತಿರಲಿಲ್ಲ. ಈಗ ಸಭಾಧ್ಯಕ್ಷರು ಆದೇಶ ಹೇಳಿ ಮುಗಿಸುವ ಹೊತ್ತಿಗೆ ಮೂವತ್ತು ಸೆಕೆಂಡಿನ ತುಣುಕು ಕ್ಷೇತ್ರದ ಎಲ್ಲ ವಾಟ್ಸ್‌ಆ್ಯಪ್ ಗುಂಪುಗಳನ್ನೂ ಸುತ್ತಿರುತ್ತದೆ. ಕಡತದಲ್ಲಿ ಇಲ್ಲದ್ದು ಮೊಬೈಲಿನಲ್ಲಿ ಉಳಿಯುತ್ತದೆ. ಪ್ರಶ್ನೋತ್ತರದಲ್ಲಿ ಉಪಪ್ರಶ್ನೆ ಕೇಳಿ ಮಂತ್ರಿಯನ್ನು ಕಟ್ಟಿಹಾಕಿದವರ ತುಣುಕನ್ನು ಯಾರೂ ಹಂಚುವುದಿಲ್ಲ, ತೋಳು ಮಡಚಿದವರದ್ದನ್ನು ಹಂಚುತ್ತಾರೆ. ಹಂಚುವವರು ನಾವೇ.

ದುಡ್ಡಿನ ಮಾತು ಬಿಡುವಂತಿಲ್ಲ. ವಿಧಾನಸಭೆಯ ಅಭ್ಯರ್ಥಿ 40 ಲಕ್ಷ ರೂಪಾಯಿಗಿಂತ ಹೆಚ್ಚು ಖರ್ಚು ಮಾಡಬಾರದು ಎಂಬುದು 2022ರಿಂದ ಇರುವ ಮಿತಿ. ಪಕ್ಷದ ಖರ್ಚಿಗೆ ಮಿತಿಯೇ ಇಲ್ಲ. ನಿಜವಾಗಿ ಆಗುವ ಖರ್ಚು ಇದಕ್ಕೆ ಎಷ್ಟು ಪಟ್ಟು ಎಂದು ಪ್ರತಿ ಹಳ್ಳಿಗೂ ಗೊತ್ತು. ಹಾಕಿದ್ದನ್ನು ತೆಗೆಯಲು ಗುತ್ತಿಗೆ ಬೇಕು, ವರ್ಗಾವಣೆ ಬೇಕು. ಅದಕ್ಕೆ ಅಧಿಕಾರವೆಲ್ಲ ಒಂದೇ ಕೈಯಲ್ಲಿರಬೇಕು. ಪಂಚಾಯಿತಿಗೆ ಬಿಟ್ಟುಕೊಟ್ಟರೆ ಸಾಲ ತೀರುವುದು ಹೇಗೆ? ಪಕ್ಷಾಂತರ ನಿಷೇಧದ ಕಾನೂನು 1985ರಿಂದ ಇದೆ, 2003ರಲ್ಲಿ ಇನ್ನಷ್ಟು ಬಿಗಿಯಾಯಿತು. ರಾಜೀನಾಮೆ ಕೊಟ್ಟು, ಪಕ್ಷ ಬದಲಿಸಿ, ಉಪಚುನಾವಣೆಯಲ್ಲಿ ಮತ್ತೆ ಗೆದ್ದು ಬರುವ ಸಂದನ್ನು ನಮ್ಮವರು 2008ರಲ್ಲೂ 2019ರಲ್ಲೂ ದೇಶಕ್ಕೇ ತೋರಿಸಿಕೊಟ್ಟರು.

ಹಾಗಾದರೆ ಏನು ಮಾಡಬೇಕು ಎಂದು ಕೇಳುವವರಿಗೆ ನಾನು ಗ್ರಾಮಸಭೆಯ ದಾರಿ ತೋರಿಸುತ್ತೇನೆ. ಆರು ತಿಂಗಳಿಗೊಮ್ಮೆಯಾದರೂ ಸಭೆ ಸೇರಲೇಬೇಕು. ಮತದಾರರಲ್ಲಿ ಹತ್ತನೇ ಒಂದು ಭಾಗ ಅಥವಾ 100 ಜನ, ಯಾವುದು ಕಡಿಮೆಯೋ ಅಷ್ಟು ಜನ ಇರಬೇಕು. ಎಡವುವುದು ಇಲ್ಲೇ. ಇಪ್ಪತ್ತು ಜನ ಬಂದಿರುತ್ತಾರೆ, ಹಾಜರಾತಿ ಪುಸ್ತಕ ಆಮೇಲೆ ಮನೆ ಮನೆ ಸುತ್ತಿ ಸಹಿ ಹಾಕಿಸಿಕೊಂಡು ಬರುತ್ತದೆ. ಆ ಸಹಿ ಹಾಕಬೇಡಿ. ಸಭೆ ಮುಗಿದ ಕೂಡಲೇ ನಡವಳಿ ಪುಸ್ತಕದಲ್ಲಿ ನಿರ್ಣಯಗಳನ್ನು ಬರೆಸಿ, ಓದಿ ಹೇಳಿಸಿ, ಖಾಲಿ ಜಾಗ ಬಿಟ್ಟಿದ್ದರೆ ಗೆರೆ ಎಳೆಸಿ. ಮನೆ ಫಲಾನುಭವಿಗಳ ಪಟ್ಟಿಯ ಪ್ರತಿ ಕೇಳಿ. ಆಮೇಲೆ ಬೇರೆಯದೇ ಪಟ್ಟಿ ಬಂದರೆ ಎರಡನ್ನೂ ಪಕ್ಕಪಕ್ಕ ಇಡಬಹುದು.

ಪ್ರತಿ ಕೊಡದಿದ್ದರೆ ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಉತ್ತರಕ್ಕೆ 30 ದಿನದ ಗಡುವು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರುವಂತಿಲ್ಲ. ಸಿಟ್ಟಿನಲ್ಲಿ ನಾಲ್ಕು ಪುಟ ಬರೆದವರ ಅರ್ಜಿ ಈ ಕಾರಣಕ್ಕೇ ವಾಪಸ್ಸು ಬರುತ್ತದೆ. ಶಾಸಕರ ಚುನಾವಣಾ ಖರ್ಚಿನ ಲೆಕ್ಕವನ್ನೂ ನೋಡಬಹುದು. ಫಲಿತಾಂಶ ಬಂದ 30 ದಿನದೊಳಗೆ ಪ್ರತಿಯೊಬ್ಬ ಅಭ್ಯರ್ಥಿಯೂ ಅದನ್ನು ಜಿಲ್ಲಾ ಚುನಾವಣಾಧಿಕಾರಿಗೆ ಒಪ್ಪಿಸಬೇಕು, ಶುಲ್ಕ ಕೊಟ್ಟವರಿಗೆ ಪ್ರತಿ ಸಿಗುತ್ತದೆ. ನಿಮ್ಮೂರಿನಲ್ಲಿ ಹಾಕಿದ ಪೆಂಡಾಲು, ಓಡಿಸಿದ ಗಾಡಿ, ಹಾಕಿದ ಊಟ ಅದರಲ್ಲಿ ಎಷ್ಟಕ್ಕೆ ಬರೆದಿದೆ ಎಂದು ಓದಿ ನೋಡಿ.

ಜಿಲ್ಲಾ ಪಂಚಾಯಿತಿಗೆ ಚುನಾವಣೆ ಬಂದಾಗ ಅಭ್ಯರ್ಥಿಗಳು ಮನೆ ಬಾಗಿಲಿಗೆ ಬರುತ್ತಾರೆ, ಮತ ಕೇಳುತ್ತಾರೆ. ಊರಿನ ಕುಡಿಯುವ ನೀರಿನ ಮೋಟಾರು ಸುಟ್ಟರೆ ಅದನ್ನು ಎತ್ತಿಸುವ ದುಡ್ಡು ಯಾವ ಲೆಕ್ಕದಲ್ಲಿದೆ, ಸಹಿ ಯಾರದ್ದು, ಎಷ್ಟು ದಿನ ಹಿಡಿಯುತ್ತದೆ ಎಂದು ಅವರನ್ನು ಕೇಳಿ. ಶಾಸಕರಿಗೆ ಹೇಳಿ ಮಾಡಿಸುತ್ತೇನೆ ಎನ್ನುವವರು ಯಾರು, ಪಂಚಾಯಿತಿಯಿಂದಲೇ ಮಾಡಿಸುತ್ತೇನೆ ಎನ್ನುವವರು ಯಾರು ಎಂದು ಗುರುತು ಇಟ್ಟುಕೊಳ್ಳಿ.