ಯುಗಾದಿ ಇಸ್ಪೀಟು ಯಾವಾಗ ಕಾಯಿಲೆ?

ಯುಗಾದಿ ಬಂತೆಂದರೆ ಮಂಡ್ಯ ಕಡೆ ಜಗಲಿ, ಅರಳಿಕಟ್ಟೆಯಲ್ಲೆಲ್ಲ ಅಂದರ್ ಬಾಹರ್. ಎರಡು ದಿನ ನಿದ್ದೆಗೆಟ್ಟು ಆಡಿ, ಸಾವಿರಾರು ಸೋತು, ಮೂರನೇ ದಿನ ಗದ್ದೆಗೆ ಹೋದವನಿಗೆ ಯಾವ ಕಾಯಿಲೆಯೂ ಇಲ್ಲ. ಕಬ್ಬಿನ ಬಿಲ್ಲು ಖಾತೆಗೆ ಬಿದ್ದ ರಾತ್ರಿಯೇ ಬೆಟ್ಟಿಂಗಿಗೆ ಸುರಿದು, ಬೆಳಿಗ್ಗೆ ಹೆಂಡತಿಗೆ 'ಬಿಲ್ಲು ಇನ್ನೂ ಆಗಿಲ್ಲ ಕಣಮ್ಮಿ' ಅನ್ನುವವನದು ಬೇರೆ ಲೆಕ್ಕ.

ಜೂಜು 1980ರಲ್ಲಿ ಅಮೆರಿಕದ ಮನೋವೈದ್ಯರ ಕಾಯಿಲೆ ಕೈಪಿಡಿ ಡಿಎಸ್‌ಎಂ-3ಕ್ಕೆ ಸೇರಿದಾಗ ಕದಿಯುವ, ಬೆಂಕಿ ಹಚ್ಚುವ ತುಡಿತಗಳ ಪಕ್ಕ ಕೂತಿತ್ತು. 2013ರ ಡಿಎಸ್‌ಎಂ-5 ಅದನ್ನು ಎಬ್ಬಿಸಿ ಹೆಂಡ, ತಂಬಾಕಿನ ಸಾಲಿಗೆ ತಂದಿತು. ಈಗ 9 ಲಕ್ಷಣ. 12 ತಿಂಗಳೊಳಗೆ 4 ಇದ್ದರೆ ಕಾಯಿಲೆ, 8–9 ಇದ್ದರೆ ತೀವ್ರ. ಹಿಂದೆ 10ರಲ್ಲಿ 5 ಬೇಕಿತ್ತು. ಆ ಹತ್ತರಲ್ಲಿ ಜೂಜಿಗಾಗಿ ಮಾಡುವ ಕಾನೂನುಬಾಹಿರ ಕೃತ್ಯದ ಅಂಶ ಬಿಟ್ಟರು.

ಪಣ ಏರಿಸುತ್ತಾ ಹೋಗುವುದು, ನಿಲ್ಲಿಸಿದರೆ ಚಡಪಡಿಕೆ, ಬಿಡಲು ಹೋಗಿ ಮತ್ತೆ ಮತ್ತೆ ಸೋಲುವುದು – ಇವೆಲ್ಲ ಕುಡಿತದಲ್ಲೂ ಉಂಟು. ಜೂಜಿಗೇ ಮೀಸಲಾದದ್ದು 'ಹೋದ ದುಡ್ಡು ಎತ್ತಬೇಕು' ಎಂಬ ಹಟ. ಕುಡುಕನಿಗೆ ನಿನ್ನೆಯ ಬಾಟಲಿ ವಾಪಸ್ ಬರುತ್ತದೆಂಬ ಆಸೆ ಇರುವುದಿಲ್ಲ. ಜೂಜುಗಾರನಿಗೆ ಪ್ರತಿ ಸೋಲೂ ಮುಂದಿನ ಆಟಕ್ಕೆ ಕಾರಣ. ಬಾಯಿ ವಾಸನೆಯೂ ಬರದ ಚಟ, ಹಾಗಾಗಿ ಮನೆಯವರಿಗೆ ಗೊತ್ತಾಗುವುದು ಸಾಲಗಾರ ಬಾಗಿಲಿಗೆ ಬಂದಾಗಲೇ.

ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆ ಕೈಪಿಡಿ ಐಸಿಡಿ-11 ಜಾರಿಗೆ ಬಂದದ್ದು 2022ರ ಜನವರಿಯಲ್ಲಿ. ಅದರಲ್ಲಿ ಜೂಜಿನ ಜೊತೆಗೆ ವಿಡಿಯೋ ಗೇಮಿನ ಚಟಕ್ಕೂ ಸ್ವಂತ ಸಂಖ್ಯೆಯಿದೆ: 6ಸಿ50, 6ಸಿ51. ಹಿಡಿತ ತಪ್ಪಿರಬೇಕು, ಊಟ-ಓದು-ಕೆಲಸಕ್ಕಿಂತ ಆಟವೇ ಮುಂದಾಗಿರಬೇಕು, ಕೆಡುಕಾದರೂ ನಿಲ್ಲದಿರಬೇಕು. ಬದುಕು ಹದಗೆಟ್ಟಿರಬೇಕು, ಸಾಮಾನ್ಯವಾಗಿ 12 ತಿಂಗಳು. ದಿನಕ್ಕೆ ಎಷ್ಟು ಗಂಟೆ ಎಂಬ ಗೆರೆ ಎರಡೂ ಕೈಪಿಡಿಯಲ್ಲಿಲ್ಲ. ಬೇಸಿಗೆ ರಜೆಯಲ್ಲಿ ಆರು ಗಂಟೆ ಆಡಿ, ಶಾಲೆ ಶುರುವಾದೊಡನೆ ಬಿಡುವ ಹುಡುಗನಿಗೆ ಈ ಹಣೆಪಟ್ಟಿ ಹಚ್ಚುವಂತಿಲ್ಲ. ಡಿಎಸ್‌ಎಂ-5ರಲ್ಲಿ ಗೇಮಿನ ಚಟ ಇನ್ನೂ 'ಅಧ್ಯಯನ ಬೇಕು' ಪಟ್ಟಿಯಲ್ಲಿದೆ. ಶಾಪಿಂಗಿಗೂ 'ಮೊಬೈಲ್ ಚಟ'ಕ್ಕೂ ಎರಡರಲ್ಲೂ ಪ್ರತ್ಯೇಕ ಹೆಸರಿಲ್ಲ. ಮೊಬೈಲಿನ ವಿಷಯದಲ್ಲಿ ಅದು ಸರಿಯೇ. ಮೊಬೈಲು ಬರೀ ಬಾಟಲಿ, ಒಳಗೇನಿದೆ ನೋಡಬೇಕು.

ಅಂದಹಾಗೆ ಪತ್ರಿಕೆಗಳು ಇದನ್ನು 'ಗೀಳು' ಅಂದಾಗ ಗೊಂದಲ. ಪದೇ ಪದೇ ಕೈ ತೊಳೆಯುವಂಥ ಕಾಯಿಲೆಗೆ ಕನ್ನಡದಲ್ಲಿ ಆ ಹೆಸರು ಆಗಲೇ ನಿಂತುಬಿಟ್ಟಿದೆ. ಅಲ್ಲಿ ಮಾಡುವುದರಲ್ಲಿ ಖುಷಿಯಿಲ್ಲ, ಭಯವಿದೆ. ಚಟ ಎನ್ನುವುದೇ ವಾಸಿ.

ಜೂಜಿನ ಚಟವೆಂದು ಗುರುತಿಸುವಾಗ ಎಡವುವುದು ಎರಡು ಕಡೆ. ನಿದ್ದೆಯೇ ಬೇಡವೆಂದು ಮಾತು, ಖರ್ಚು, ಜೂಜು ಎಲ್ಲವೂ ಒಟ್ಟಿಗೆ ಏರಿದ್ದರೆ ಅದು ಮೇನಿಯಾ, ಅಂದರೆ ಮನಸ್ಸು ಅತಿಯಾಗಿ ಉಬ್ಬುವ ಕಾಯಿಲೆ, ಇರಬಹುದು; ಔಷಧಿಯೇ ಬೇರೆ. ಇನ್ನೊಂದು, ಮೈಸೂರಲ್ಲೇ ಹುಟ್ಟಿ ಬೆಳೆದೂ ಎಂದೂ ರೇಸ್‌ಕೋರ್ಸ್ ಗೇಟು ದಾಟದ ತಾತ ದಿಢೀರನೆ ಕುದುರೆ ಬಾಲ ಹಿಡಿದರೆ ಮೊದಲು ಮಾತ್ರೆ ಚೀಟಿ ನೋಡಿ. ಕೈಕಾಲು ನಡುಗುವ ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಪ್ರಾಮಿಪೆಕ್ಸೋಲ್, ರೋಪಿನಿರೋಲ್ ಕೆಲವರಲ್ಲಿ ಜೂಜಿನ ತುಡಿತ ಎಬ್ಬಿಸುತ್ತವೆ. ನೀವಾಗಿಯೇ ನಿಲ್ಲಿಸಬೇಡಿ, ಬರೆದುಕೊಟ್ಟ ಡಾಕ್ಟರಿಗೆ ಹೇಳಿ. ಡೋಸ್ ಇಳಿಸಿದರೆ ಅಥವಾ ಮಾತ್ರೆ ಬದಲಿಸಿದರೆ ಎಷ್ಟೋ ಸಲ ತುಡಿತವೂ ಇಳಿಯುತ್ತದೆ.