ಶಿವಪ್ರಕಾಶರು ಕವಿಯೋ, ನಾಟಕಕಾರರೋ?

ಮಂಡ್ಯದಲ್ಲಿ ಕನ್ನಡ ಪಾಠ ಹೇಳುವ ನನ್ನನ್ನು ವಿದ್ಯಾರ್ಥಿಗಳೂ ಸಹೋದ್ಯೋಗಿಗಳೂ ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: ಎಚ್. ಎಸ್. ಶಿವಪ್ರಕಾಶರನ್ನು ಕವಿ ಎನ್ನಬೇಕೇ, ನಾಟಕಕಾರ ಎನ್ನಬೇಕೇ? ಕವಿ ಎಂಬುದು ನನ್ನ ಉತ್ತರ. ಆದರೆ ಅದಕ್ಕೆ ನಾನು ಕೊಡುವ ಸಾಕ್ಷಿ ಅವರ ನಾಟಕಗಳದು.

1954ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅವರು ಇಂಗ್ಲಿಷ್ ಅಧ್ಯಾಪಕರಾಗಿದ್ದು, ಮುಂದೆ ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ಬೋಧಿಸಿದರು. ಬರ್ಲಿನ್ನಿನ ಟ್ಯಾಗೋರ್ ಕೇಂದ್ರದ ನಿರ್ದೇಶಕರೂ ಆಗಿದ್ದರು. 2012ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ‘ಮಬ್ಬಿನ ಹಾಗೆ ಕಣಿವೆಯಾಸಿ’ ಎಂಬ ಕವನಸಂಕಲನಕ್ಕೆ. ಇವಿಷ್ಟೂ ಪರೀಕ್ಷೆಗೆ ಬೇಕಾದ ಮಾತು. ನನಗೆ ಮುಖ್ಯವೆನಿಸುವುದು, 1977ರ ಅವರ ಮೊದಲ ಸಂಕಲನಕ್ಕೆ ಟಿಬೆಟ್ಟಿನ ಹಾಡುವ ಯೋಗಿ ಮಿಲರೇಪನ ಹೆಸರಿದೆ ಎಂಬುದು. ಅಲ್ಲಿಂದ ನಮ್ಮ ಜನಪದ ಕಾವ್ಯದ ಸಂತ ಮಂಟೇಸ್ವಾಮಿಯ ಬಳಿಗೆ ದಾರಿ ದೂರವೇನಲ್ಲ.

ಮಂಟೇಸ್ವಾಮಿ ನಮ್ಮ ಸೀಮೆಯವನು. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ ಅವನ ಗದ್ದುಗೆಯಿದೆ. ತಂಬೂರಿ ಮೀಟುತ್ತ, ಗಗ್ಗರ ನುಡಿಸುತ್ತ ಅವನ ಪರಂಪರೆಯ ಗಾಯಕರಾದ ನೀಲಗಾರರು ಅವನ ಕಾವ್ಯವನ್ನು ರಾತ್ರಿಯಿಡೀ ಹಾಡುತ್ತಾರೆ. ಹೆಂಡದ ಗಡಿಗೆಯನ್ನೂ ಸತ್ತ ಕರುವನ್ನೂ ಹೊತ್ತು ಕಲ್ಯಾಣದ ಬಾಗಿಲಿಗೆ ಬಂದ ಈ ಕೊಳಕು ಜೋಗಿಯನ್ನು ಶರಣರೇ ಒಳಗೆ ಬಿಡಲೊಲ್ಲದೆ ಹೋಗುವ ಪ್ರಸಂಗ, ಸಮಾನತೆಯ ಊರನ್ನೇ ಒರೆಗೆ ಹಚ್ಚುತ್ತದೆ. ನೀಲಗಾರ ಒಂದು ಗಳಿಗೆ ಹಾಡುತ್ತಾನೆ, ಮರುಗಳಿಗೆ ಬಸವಣ್ಣನಾಗಿ ಮಾತನಾಡುತ್ತಾನೆ, ಮತ್ತೆ ಹಾಡಿಗೆ ಮರಳುತ್ತಾನೆ. ಅವನನ್ನು ಕವಿಯೋ ನಟನೋ ಎಂದು ಯಾರೂ ಕೇಳಿದ್ದಿಲ್ಲ. (ಪದ್ಯಕ್ಕೊಂದು ಪೀರಿಯಡ್, ನಾಟಕಕ್ಕೊಂದು ಪೀರಿಯಡ್ ಎಂದು ಹಂಚಿಕೊಂಡವರು ನಾವು ಮೇಷ್ಟ್ರುಗಳು.) ಈ ಕಾವ್ಯದಿಂದ ‘ಮಂಟೇಸ್ವಾಮಿ ಕಥಾಪ್ರಸಂಗ’ ನಾಟಕವನ್ನು ಕಟ್ಟಿದಾಗ ಶಿವಪ್ರಕಾಶರು ಕಥೆಯ ಜೊತೆಗೆ ಆ ಉಸಿರಾಟವನ್ನೂ ತೆಗೆದುಕೊಂಡರೆಂದು ನನ್ನ ಎಣಿಕೆ. ಅದೇ ಕಲ್ಯಾಣವನ್ನು ಅವರು ‘ಮಹಾಚೈತ್ರ’ದಲ್ಲೂ ನೋಡಿದ್ದರು; ಆ ನಾಟಕ ವಿವಾದಕ್ಕೆ ಸಿಕ್ಕಿ, ಅದರ ಕಾವ್ಯದ ಬಗ್ಗೆ ಆಗಬೇಕಿದ್ದ ಮಾತು ಹಿಂದೆ ಉಳಿಯಿತು.

ಮ್ಯಾಕ್‌ಬೆತ್‌ನಿಂದ ಹುಟ್ಟಿದ ಶಿವಪ್ರಕಾಶರ ‘ಮಾರನಾಯಕ’ ನಾಟಕವನ್ನು ರಂಗನಿರ್ದೇಶಕ ಹುಲುಗಪ್ಪ ಕಟ್ಟೀಮನಿಯವರು ಮೈಸೂರು ಜೈಲಿನ ಕೈದಿಗಳಿಂದ ಆಡಿಸಿದ್ದನ್ನೂ ಇಲ್ಲಿ ನೆನೆಯಬೇಕು. ನಟನೆಯ ತರಬೇತಿಯಿಲ್ಲದವರ ಬಾಯಲ್ಲೂ ನಿಲ್ಲುವ ಮಾತನ್ನು ಬರೆಯಲು ಲಯ ಬಲ್ಲವನೇ ಆಗಬೇಕು.

ಹೀಗಾಗಿ ಕೇಳಿದವರಿಗೆ ನಾನು ಉತ್ತರಕ್ಕಿಂತ ಮೊದಲು ‘ಕಥಾಪ್ರಸಂಗ’ದ ಒಂದು ಪುಟವನ್ನು ಗಟ್ಟಿಯಾಗಿ ಓದಿಸುತ್ತೇನೆ. ಕಳೆದ ವರ್ಷ ಹಾಗೆ ಓದುತ್ತಿದ್ದ ಮಳವಳ್ಳಿ ಕಡೆಯ ಹುಡುಗನೊಬ್ಬ ನಡುವೆ ನಿಲ್ಲಿಸಿ, “ಸಾರ್, ನಮ್ಮ ತಾತ ಇದನ್ನ ಬೇರೆ ಥರ ಎಳೀತಿದ್ರು” ಎಂದು, ಪುಸ್ತಕವನ್ನು ಮುಚ್ಚಿಟ್ಟು ಹಾಡತೊಡಗಿದ.