ಬಾಳೆನಾರಿನ ದೋಟಿ: ಎಳೆ ಹಾಸುವ ದಿಕ್ಕಿನ ಲೆಕ್ಕ

ಶಿರಸಿ ಸೀಮೆಯ ಅಡಿಕೆ ತೋಟಗಳಿಗೆ ಕಾರ್ಬನ್ ಫೈಬರ್ ದೋಟಿ (ತುದಿಗೆ ಕತ್ತಿ ಕೂರಿಸುವ ಉದ್ದ ಕೋಲು) ಬಂದಮೇಲೆ ಕೊನೆ (ಗೊನೆ) ಕೊಯ್ಲು, ಔಷಧಿ ಹೊಡೆಯುವುದು ಎರಡೂ ನೆಲದ ಮೇಲೆ ನಿಂತೇ ಆಗುತ್ತಿದೆ. ಮರ ಹತ್ತುವವರು ಸಿಗದ ಊರಿಗೆ ಅದು ದೊಡ್ಡ ಆಸರೆ. ಆದರೆ ಸಣ್ಣ ಹಿಡುವಳಿಯವರಿಗೆ ಬೆಲೆ ಎಟುಕುವುದಿಲ್ಲ. ತೋಟದಲ್ಲಿ ಕಡಿದು ಬಿದ್ದಿರುವ ಬಾಳೆಯ ನಾರು, ಎಪಾಕ್ಸಿ ರಾಳ (ಗಟ್ಟಿಯಾಗುವ ಅಂಟು) ಇಷ್ಟರಲ್ಲೇ ಒಂದು ಗಿಡ್ಡ ದೋಟಿ ಮಾಡಬೇಕೆಂದು ಹೊರಟಿದ್ದೇನೆ. ಕಾರ್ಬನ್ನಿನಷ್ಟು ಬಿಗುವು ಬಾಳೆನಾರಿಗಿಲ್ಲ, ಹಾಗಾಗಿ ಎತ್ತರದ ಅಡಿಕೆ ಮರದ ಆಸೆ ಇಟ್ಟುಕೊಂಡಿಲ್ಲ. ಮಾವು, ನಿಂಬೆ, ಗಿಡ್ಡ ಅಡಿಕೆಗೆ ಆದರೆ ಸಾಕು. (ಕಾರ್ಬನ್ ವಿದ್ಯುತ್ ಹರಿಸುತ್ತದೆ, ಒದ್ದೆಯಾದ ನಾರೂ ಹರಿಸಬಲ್ಲದು. ತಂತಿ ಹಾದ ಜಾಗದಲ್ಲಿ ಯಾವ ದೋಟಿಯನ್ನೂ ಎತ್ತಬಾರದು.)

ದೋಟಿಯ ಟೊಳ್ಳು ಕೊಳವೆಗೆ ಕೈ ಹಾಕುವ ಮೊದಲು ಪಟ್ಟಿಗಳನ್ನು ಎರಕ ಹೊಯ್ದು ನೋಡಿದೆ. ಎಲ್ಲದಕ್ಕೂ ಅದೇ ನಾರು, ಅದೇ ರಾಳ, ನಾರಿನ ತೂಕವೂ ಅಷ್ಟೇ. ಬದಲಾದದ್ದು ಹಾಸಿದ ರೀತಿ ಮಾತ್ರ. 2 ಸೆಂ.ಮೀ. ಅಗಲ, 4 ಮಿ.ಮೀ. ದಪ್ಪದ ಪಟ್ಟಿಯನ್ನು 16 ಸೆಂ.ಮೀ. ಅಂತರದ ಎರಡು ಆಧಾರಗಳ ಮೇಲಿಟ್ಟು, ನಡುವೆ ಬಕೆಟ್ ನೇತುಹಾಕಿ, ನೀರು ಹೊಯ್ಯುತ್ತ ಹೋದೆ. ಎಳೆಗಳು ಉದ್ದಕ್ಕೇ ಮಲಗಿದ್ದ ಪಟ್ಟಿ ಬಕೆಟ್ಟಿನಲ್ಲಿ 15 ಲೀಟರ್ ಆಗುವವರೆಗೂ ಬಾಗುತ್ತ ತಡೆಯಿತು. ಅಡ್ಡಡ್ಡ ಹಾಸಿದ್ದು 3 ಲೀಟರ್ ದಾಟುತ್ತಲೇ ಟಕ್ಕೆಂದು ಎರಡಾಯಿತು. ನಾರನ್ನು ಕತ್ತರಿಸಿ ಬೇಕಾಬಿಟ್ಟಿ ಚೆಲ್ಲಿದ್ದು ಇವೆರಡರ ನಡುವೆ ನಿಂತಿತು.

ಮುರಿದ ಅಂಚನ್ನು ಕೈಯಲ್ಲಿ ಹಿಡಿದು ನೋಡಿದರೆ ಕಾರಣ ಕಾಣುತ್ತದೆ. ಉದ್ದ ಪಟ್ಟಿಯ ಅಂಚು ಹಳೇ ಬ್ರಷ್ಷಿನಂತೆ ಕೆದರಿಕೊಂಡಿದೆ; ಎಳೆ ಹರಿಯದೆ ಪಟ್ಟಿ ಮುರಿಯಲಾರದು. ಅಡ್ಡ ಪಟ್ಟಿಯ ಅಂಚಿನಲ್ಲಿ ಹರಿದ ಎಳೆಯೇ ಇಲ್ಲ, ರಾಳ ನಾರಿನ ಮೈಯಿಂದ ಬಿಟ್ಟುಕೊಂಡಿದೆ ಅಷ್ಟೆ. ಅಲ್ಲಿ ನಾರಿದ್ದೂ ಭಾರ ಅದರ ಮೇಲೆ ಬೀಳಲಿಲ್ಲ.

ಲೆಕ್ಕವೂ ಇದನ್ನೇ ಹೇಳುತ್ತದೆ. ಬಲದ ದಿಕ್ಕಿಗೆ ಓರೆಯಾಗಿರುವ ಎಳೆಯಿಂದ ಸಿಗುವ ಬಿಗುವು ಆ ಕೋನದ ಕೊಸೈನಿನ ನಾಲ್ಕನೇ ಘಾತಕ್ಕೆ ತಕ್ಕಂತೆ ಇಳಿಯುತ್ತದೆ. 30 ಡಿಗ್ರಿ ಓರೆಯಾದರೆ ಉಳಿಯುವುದು ಅರ್ಧಕ್ಕಿಂತ ಸ್ವಲ್ಪ ಹೆಚ್ಚು, 45 ಡಿಗ್ರಿಗೆ ಕಾಲು ಭಾಗ, 60 ಡಿಗ್ರಿಗೆ ಹದಿನಾರನೇ ಒಂದು. ನಾರಿನ ಬಿಗುವಿನಲ್ಲಿ ಎಷ್ಟು ಪಾಲು ಉಪಯೋಗಕ್ಕೆ ಬರುತ್ತದೆ ಎಂದು ಡೆನ್ಮಾರ್ಕಿನ ಸಂಶೋಧಕ ಕ್ರೆಂಚೆಲ್ 1964ರಲ್ಲಿ ಕೊಟ್ಟ ಗುಣಾಂಕಗಳು ಇದರ ಮೇಲೇ ನಿಂತಿವೆ: ಎಲ್ಲ ಎಳೆ ಒಂದೇ ದಿಕ್ಕಿಗಿದ್ದರೆ 1, ಉದ್ದ–ಅಡ್ಡ ಸಮಪಾಲಾದರೆ 1/2, ಚಪ್ಪಟೆ ಪದರದಲ್ಲಿ ಬೇಕಾಬಿಟ್ಟಿ ಚೆಲ್ಲಿದರೆ 3/8. ಹಾಗಾಗಿ ನಾನು ಈಗ ಹೆಚ್ಚು ಸಮಯ ಕೊಡುವುದು ನಾರು ಬಾಚುವುದಕ್ಕೆ. ಒದ್ದೆ ನಾರನ್ನು ಬಾಚಿ, ಎರಡೂ ತುದಿ ಬಿಗಿದು ಕಟ್ಟಿ, ಎಳೆತದಲ್ಲೇ ಒಣಗಿಸಿದರೆ ನೇರ ನಿಲ್ಲುತ್ತದೆ. ಹುರಿ ಹೊಸೆದು ಹಾಕುವುದನ್ನು ಬಿಟ್ಟೆ. ಹೊಸೆದಷ್ಟೂ ಎಳೆ ಓರೆಯಾಗುತ್ತದೆ, ರಾಳವೂ ಒಳಕ್ಕೆ ಇಳಿಯುವುದಿಲ್ಲ.

ತೆಂಗಿನ ನಾರು ಯಾಕೆ ಬೇಡ ಎಂದು ಗೆಳೆಯರು ಕೇಳುತ್ತಾರೆ, ಕರಾವಳಿಯಲ್ಲಿ ಅದಕ್ಕೇನೂ ಬರವಿಲ್ಲ. ಉತ್ತರ ಎಳೆಯ ಒಳಗೇ ಇದೆ. ಪ್ರತಿ ನಾರಿನ ಗೋಡೆಯಲ್ಲೂ ಸೆಲ್ಯುಲೋಸಿನ ಸೂಕ್ಷ್ಮ ಎಳೆಗಳು ಸುರುಳಿ ಸುತ್ತಿರುತ್ತವೆ. ಬಾಳೆಯಲ್ಲಿ ಆ ಸುರುಳಿ ನಾರಿನ ಉದ್ದಕ್ಕೆ ಸುಮಾರು 11 ಡಿಗ್ರಿ ಮಾತ್ರ ಓರೆ, ತೆಂಗಿನಲ್ಲಿ 30ರಿಂದ 45 ಡಿಗ್ರಿ. ಅದಕ್ಕೇ ತೆಂಗಿನ ನಾರು ಚೆನ್ನಾಗಿ ಹಿಗ್ಗುತ್ತದೆ, ಹಗ್ಗಕ್ಕೆ ಒಳ್ಳೆಯದು, ಬಾಗಬಾರದ ಕೋಲಿಗೆ ಅಲ್ಲ.

ಹಾಗಂತ ದೋಟಿಗೆ ಎಲ್ಲ ನಾರನ್ನೂ ಉದ್ದಕ್ಕೇ ಹಾಸಿಬಿಟ್ಟರೆ ಆಗುವುದಿಲ್ಲ. ಅಡಿಕೆ ಹಾಳೆಯನ್ನೇ ನೋಡಿ. ಅದರ ಎಳೆಗಳೆಲ್ಲ ಉದ್ದಕ್ಕೇ ಓಡುತ್ತವೆ. ಉದ್ದಕ್ಕೆ ಎಳೆದರೆ ಜಗ್ಗುವುದಿಲ್ಲ, ಅಂಚಿನಿಂದ ಸೀಳಿದರೆ ಬುಡದವರೆಗೂ ಸರ್ರನೆ ಬರುತ್ತದೆ. ಟೊಳ್ಳು ಕೊಳವೆ ಬಾಗಿದಾಗ ಮೊದಲು ಚಪ್ಪಟೆಯಾಗಲು ನೋಡುತ್ತದೆ, ಆಮೇಲೆ ಉದ್ದಕ್ಕೆ ಸೀಳುತ್ತದೆ. ಅದನ್ನು ತಡೆಯಲು ಬಳೆಯ ಹಾಗೆ ಸುತ್ತುವ ಎಳೆ ಬೇಕು. ನನ್ನ ಮೊದಲ ಕೊಳವೆಗೆ ಒಳಗೆ ಒಂದು ತೆಳು ಸುತ್ತು, ಅದರ ಮೇಲೆ ದಪ್ಪಕ್ಕೆ ಉದ್ದ ಎಳೆ, ಹೊರಗೆ ಮತ್ತೊಂದು ತೆಳು ಸುತ್ತು ಹಾಕಿದೆ. ಬಾಗಿಸಿದಾಗ ಸೀಳಲಿಲ್ಲ. ಕೈಗೆ ಆ ಬಿಗುವು ಸಿಕ್ಕಾಗ ಆದ ಖುಷಿ ದೊಡ್ಡದು.

ಮಳೆಗಾಲದಲ್ಲಿ ಇಲ್ಲಿಯ ನಾರು ಗಾಳಿಯ ತೇವ ಕುಡಿದುಬಿಡುತ್ತದೆ, ರಾಳ ಕಚ್ಚುವುದಿಲ್ಲ. ಕಾಸ್ಟಿಕ್ ಸೋಡಾ ನೀರಿನಲ್ಲಿ ತೊಳೆದು, ಅಡಿಕೆ ಡ್ರೈಯರಿನಲ್ಲಿ ಒಣಗಿಸಿ, ಬಿಸಿ ಇರುವಾಗಲೇ ರಾಳ ಹಚ್ಚುತ್ತಿದ್ದೇನೆ.

ಮುಂದಿನದು ಕತ್ತಿ ಕೂರುವ ತುದಿ. ಕೊನೆಯನ್ನು ಎಳೆಯುವಾಗ ಅಲ್ಲಿ ತಿರುಚುವ ಬಲ ಬೀಳುತ್ತದೆ. ಉದ್ದ ಎಳೆ, ಬಳೆ ಸುತ್ತು ಎರಡೂ ಅದನ್ನು ಹೊರಲಾರವು. ಆ ಒಂದು ಗೇಣಿಗೆ ಎಡಕ್ಕೂ ಬಲಕ್ಕೂ 45 ಡಿಗ್ರಿಯಲ್ಲಿ ಹೆಣೆದ ಪದರ ಬೇಕು. ಅದಕ್ಕೆ ನಾರನ್ನು ಬಾಚಿ ಇಟ್ಟಿದ್ದೇನೆ.